ಮಡ್‌ಗಾರ್ಡಿಗೆ ಅಡ್ಡಬಿದ್ದ ಯಜಮಾನರು

ಹೋದ ತಿಂಗಳು ಒಂದು ಭಾನುವಾರ ಸಂಜೆ, ಸಾರಥಿ ಎಂಬ ಊರಿನಿಂದ ಹರಿಹರಕ್ಕೆ ಬರುವ ದಾರಿಯಲ್ಲಿ, ವಯಸ್ಸಾದ ಯಜಮಾನರೊಬ್ಬರು ನನ್ನ ಕಾರಿಗೆ ಅಡ್ಡಬಿದ್ದರು.

ಗಾಬರಿಯಾಗಬೇಡಿ. ನಾನೂ ಮೊದಲು ಗಾಬರಿಯಾಗಿ ಎರಡೂ ಕಾಲಿನಿಂದ ಬ್ರೇಕು ಒತ್ತಿದೆ. ಆಮೇಲೆ ನೆನಪಾಯಿತು, ಕಾರು ಆಗಲೇ ನಿಂತಿತ್ತು. (ಕೆಟ್ಟು ನಿಂತು ಸಾಕಷ್ಟು ಹೊತ್ತಾಗಿತ್ತು.) ನಿಂತ ಕಾರಿಗೆ ಮನುಷ್ಯ ಸಿಕ್ಕಿಕೊಳ್ಳುವುದು ಹೇಗೆ?

ಇಳಿದು ನೋಡಿದೆ. ಯಜಮಾನರು ರುಮಾಲು ತೆಗೆದು ಪಕ್ಕಕ್ಕಿಟ್ಟಿದ್ದರು. ಎರಡೂ ಕೈ ಮುಂದಕ್ಕೆ ಚಾಚಿ, ಎಡಗಡೆಯ ಮಡ್‌ಗಾರ್ಡಿನ ಬುಡಕ್ಕೆ ಹಣೆ ಹಚ್ಚಿ, ಉದ್ದಕ್ಕೆ ಮಲಗಿದ್ದರು. ದೇವರಿಗೆ ಅಡ್ಡಬೀಳುತ್ತಾರಲ್ಲ, ಆ ಅಡ್ಡಬೀಳುವಿಕೆ.

ಆ ಮಡ್‌ಗಾರ್ಡನ್ನು ನಾನು ವಾರಗಟ್ಟಲೆ ಕೆರೆದಿದ್ದೆ. ಬೈದಿದ್ದೆ. ಸಿಟ್ಟು ಬಂದು ಒಂದು ಸಲ ಒದ್ದೂ ಇದ್ದೆ. ಅದಕ್ಕೆ ಹಣೆ ಹಚ್ಚುವವರು ಹುಟ್ಟಿಕೊಳ್ಳುತ್ತಾರೆ ಎಂದು ಯಾರು ಎಣಿಸಿದ್ದರು? ಇರಲಿ, ಈಗ ಆ ಮಡ್‌ಗಾರ್ಡಿನ ಪೂರ್ವಾಶ್ರಮದ ಕಥೆಯನ್ನು ಹೇಳಲೇಬೇಕು.

ನಮ್ಮ ಮನೆಯವರು ದಾವಣಗೆರೆಯಲ್ಲಿ ವಕೀಲರು. ಹಿಂದೊಮ್ಮೆ ಹುಮ್ಮಸ್ಸು ಬಂದು, ಊರು ಬಿಟ್ಟು ಹೊರಟಿದ್ದ ಗಿರಣಿ ಸಾಹೇಬರೊಬ್ಬರಿಂದ ಒಂದು ಬೇಬಿ ಕಾರು ಕೊಂಡರು. ಕೆಲವು ದಿನ ಅದರಲ್ಲೇ ಕೋರ್ಟಿಗೆ ಹೋದರು. ಆಮೇಲೆ ಸ್ಕೂಟರು ಬಂತು, ಕಾರು ಹಿತ್ತಿಲಿಗೆ ಹೋಯಿತು. ಪಿ.ಜೆ. ಬಡಾವಣೆಯ ನಮ್ಮ ಮನೆಯ ಹಿಂದೆ ಬೇವಿನ ಮರದ ಕೆಳಗೆ ನಿಂತದ್ದು ನಿಂತೇ ಬಿಟ್ಟಿತು. ಪಕ್ಕದ ಮನೆಯ ಕೋಳಿಗಳು ಹಿಂದಿನ ಸೀಟಿನಲ್ಲಿ ಮೊಟ್ಟೆ ಇಟ್ಟವು. ದಾವಣಗೆರೆಗೆ ಮಳೆಯೇ ಇಲ್ಲ ಎಂದು ದೂರುವವರು ಒಮ್ಮೆ ಬಂದು ಆ ಕಾರಿನ ತುಕ್ಕನ್ನು ನೋಡಬೇಕಿತ್ತು.

ನಾನು ಅದರ ಮೇಲೆ ಕಣ್ಣಿಟ್ಟಿದ್ದೆ. ಯಾಕೆ ಅಂತೀರಾ?

ನನ್ನ ಅಕ್ಕನನ್ನು ಕೊಟ್ಟಿರುವುದು ಹರಿಹರದ ಆಚೆಗಿರುವ ಸಾರಥಿಗೆ. ಏನು ಮಹಾ ದೂರ? ಇಲ್ಲಿ ಬೆಳಿಗ್ಗೆ ತಿಂಡಿ ತಿಂದು ಹೊರಟರೆ ಅಲ್ಲಿ ಅವಳ ಅಡುಗೆಗೆ ಕಾಯಿ ತುರಿದುಕೊಡಬಹುದು. ಆದರೂ ನಾನು ಅವಳ ಮುಖ ನೋಡುತ್ತಿದ್ದದ್ದು ಹಬ್ಬಕ್ಕೊಮ್ಮೆ. ಒಬ್ಬಳೇ ಬಸ್ಸಿನಲ್ಲಿ ಹೋಗುವುದು ಅತ್ತೆಗೆ ಒಪ್ಪಿಗೆಯಿಲ್ಲ. ಕರೆದುಕೊಂಡು ಹೋಗಲು ಮನೆಯವರಿಗೆ ಬಿಡುವಿಲ್ಲ. (ಕ್ಲಬ್ಬಿನಲ್ಲಿ ಇಸ್ಪೀಟು ಆಡುವುದಕ್ಕೆ ಬೇಕಾದ ಬಿಡುವು ಬೇರೆ ಜಾತಿಯದು, ಅದನ್ನು ಇದರೊಂದಿಗೆ ಬೆರೆಸಬಾರದು.)

ನನಗೆ ಕಾರು ಓಡಿಸಲು ಬರುತ್ತದೆ. ಮದುವೆಗೆ ಮುಂಚೆ ನನ್ನ ಅಣ್ಣ ಹರಿಹರದಲ್ಲಿ ಲಾರಿ ಇಟ್ಟಿದ್ದ. ಹೊಳೆದಂಡೆಯ ಬಯಲಿನಲ್ಲಿ ಅವನೇ ಕಲಿಸಿದ. ಮದುವೆಯಾದ ಮೇಲೆ ಲೈಸೆನ್ಸಿಗೆಂದು ಚಿತ್ರದುರ್ಗಕ್ಕೆ ಹೋದಾಗ ಪರೀಕ್ಷೆ ಮಾಡುವವರು, ನನ್ನ ಹಿಂದೆ ನಿಂತಿದ್ದ ಮನೆಯವರನ್ನು ನೋಡಿ, "ಹತ್ರಿ ಸಾರ್, ಶುರು ಮಾಡೋಣ" ಎಂದಿದ್ದರು. ಹತ್ತಿದವಳು ನಾನು. ಪರೀಕ್ಷೆಯವರು ಬಾಗಿಲು ಹಿಡಿದುಕೊಂಡೇ ಕೂತಿದ್ದರು. ಆದರೂ ಲೈಸೆನ್ಸು ಕೊಟ್ಟರು.

ನಿಜ ಹೇಳಬೇಕೆಂದರೆ ನನಗೆ ಕಾರಿನ ಹುಚ್ಚೇನೂ ಇರಲಿಲ್ಲ. ಯಾರನ್ನೂ ಕೇಳದೆ ಅಕ್ಕನ ಮನೆಗೆ ಹೋಗಿ ಬರುವ ಒಂದು ಭಾನುವಾರ ಬೇಕಾಗಿತ್ತು. ಅದಕ್ಕೆ ಆ ಕಾರು ಬೇಕಾಗಿತ್ತು, ಅಷ್ಟೆ.

ಹೀಗಿರುವಾಗ ಒಂದು ದಿನ ಊಟಕ್ಕೆ ಕೂತ ಮನೆಯವರು, "ಯುಗಾದಿ ಆದ್ಮೇಲಿನ ಸೋಮವಾರ ಗುಜರಿಯವನು ಬಂದು ಕಾರು ಎತ್ಕೊಂಡು ಹೋಗ್ತಾನೆ. ಹಿತ್ಲು ಖಾಲಿ ಆಗುತ್ತೆ, ನೀನು ಸೊಪ್ಪು ಹಾಕ್ಕೋ" ಎಂದರು.

"ಸೊಪ್ಪು ಬ್ಯಾಡ. ಕಾರೇ ಇರಲಿ. ನಾನು ಸರಿ ಮಾಡ್ಕೊಂತೀನಿ" ಎಂದೆ.

ಅವರು ನಕ್ಕ ನಗುವಿಗೆ ತುತ್ತು ನೆತ್ತಿಗೇರಿತು. ನೀರು ಕುಡಿದು ಸುಧಾರಿಸಿಕೊಂಡು ವಕೀಲರಾದರು.

"ಆಯ್ತು. ತುಕ್ಕು ಪೂರ್ತಿ ಹೋಗಬೇಕು. ಬಣ್ಣ ಆಗಬೇಕು. ನೀನೇ ಓಡಿಸ್ಕೊಂಡು ಸಾರಥಿಗೆ ಹೋಗಿ ಬರಬೇಕು. ದಾರೀಲಿ ಯಾರೂ ತಳ್ಳಬಾರದು. ಒಬ್ಬ ತಳ್ಳಿದ್ರೂ ಗುಜರಿಗೆ. ಒಪ್ಪಿಗೆನಾ?"

ಒಪ್ಪಿದೆ. ದೊಡ್ಡ ಷರತ್ತುಗಳನ್ನೆಲ್ಲ ದೊಡ್ಡ ದನಿಯಲ್ಲಿ ಹೇಳಿ, ಕಷ್ಟದ್ದನ್ನು ಮಾತ್ರ ಕೊನೆಯಲ್ಲಿ ಮೆಲ್ಲಗೆ ಸೇರಿಸಿದ್ದು ನನ್ನ ಗಮನಕ್ಕೆ ಬಂದದ್ದು ಆಮೇಲೆ.

ಮರುದಿನವೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಶುರು ಮಾಡಿದೆ. ತಂತಿಯ ಬ್ರಷ್ಷು, ಉಪ್ಪುಕಾಗದ, ಒಂದು ಬಾಟಲಿ ಸೀಮೆಎಣ್ಣೆ. ಬಾಗಿಲುಗಳನ್ನೂ ಮಡ್‌ಗಾರ್ಡುಗಳನ್ನೂ ಬಿಚ್ಚಿ ಜಗಲಿಗೆ ಒರಗಿಸಿದೆ. ಬೀದಿಯಲ್ಲಿ ಹೋಗುವವರು ನಿಂತು ನೋಡಿ ಹೋಗುತ್ತಿದ್ದರು. ವಕೀಲರ ಹೆಂಡತಿ ಗುಜರಿ ಅಂಗಡಿ ಇಟ್ಟಿದ್ದಾರಂತೆ ಎಂದು ಮಂಡಿಪೇಟೆಯವರೆಗೂ ಸುದ್ದಿಯಾಯಿತು.

ತುಕ್ಕು ಬಹಳ ಮಳ್ಳ ಜಾತಿ. ಮೇಲೆ ಬಣ್ಣದಡಿ ಒಂದು ಸಣ್ಣ ಗುಳ್ಳೆ ಮಾತ್ರ ಕಾಣುತ್ತದೆ. ಇಷ್ಟೇ ತಾನೇ ಎಂದು ಉಗುರಿನಿಂದ ಕೆರೆದರೆ ಒಳಗೆ ಬೆರಳು ತೂರುವಷ್ಟು ತೂತು. ಡ್ರೈವರ್ ಕಾಲಿಡುವ ಜಾಗದಲ್ಲಂತೂ ತಗಡೇ ಇರಲಿಲ್ಲ, ಕೆಳಗಿನ ಇರುವೆ ಸಾಲು ಚೆನ್ನಾಗಿ ಕಾಣುತ್ತಿತ್ತು. ಅಲ್ಲಿಗೆ ಸೀಮೆಎಣ್ಣೆ ಡಬ್ಬಿಯ ತಗಡು ಕತ್ತರಿಸಿ ರಿವೆಟ್ ಹೊಡೆಸಿದೆ. ಉಳಿದದ್ದನ್ನು ಕೆರೆಯುತ್ತಾ ಕೂತೆ. ಕೆರೆದಷ್ಟೂ ಕೆರೆಯುವುದು ಉಳಿಯುತ್ತಿತ್ತು.

ನಮ್ಮ ಅತ್ತೆ ಮೊದಲ ವಾರ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಎರಡನೇ ವಾರ ಜಗಲಿಯಲ್ಲಿ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಾ ನೋಡತೊಡಗಿದರು. ಆಮೇಲೆ ತಡೆಯಲಾಗಲಿಲ್ಲ.

"ಹಂಗ್ಯಾಕ ಉಜ್ಜಿ ಉಜ್ಜಿ ಸಾಯ್ತೀಯೇ? ತಾಮ್ರದ ಹಂಡೆಗೆ ಏನ್ ಹಚ್ತಿ?"

"ಹುಣಸೆಹಣ್ಣು."

"ಮತ್ತೆ ಇದು ಯಾವ ಮಹಾರಾಜನ ಮಗ? ಇದಕ್ಕೂ ಹಚ್ಚು."

ಹಚ್ಚಿದೆವು. ನೆನೆಹಾಕಿದ ಹುಣಸೆಹಣ್ಣು ಕಿವುಚಿ, ಉಪ್ಪು ಬೆರೆಸಿ, ಬಾಗಿಲಿಗೆಲ್ಲ ದಪ್ಪಗೆ ಮೆತ್ತಿದೆವು. ಮಧ್ಯಾಹ್ನ ಒಂದು ಆಡು ಬಂದು ಅರ್ಧ ಮಡ್‌ಗಾರ್ಡು ನೆಕ್ಕಿಹೋಯಿತು. (ಆ ಭಾಗವೇ ಹೆಚ್ಚು ಹೊಳೆಯುತ್ತಿತ್ತು ಎಂಬುದನ್ನು ಅತ್ತೆ ಇವತ್ತಿಗೂ ಹೇಳುತ್ತಾರೆ.) ಸಂಜೆ ತೊಳೆದು ನೋಡಿದರೆ ತುಕ್ಕು ಮಾಯವಾಗಿ ತಗಡು ಬೆಳ್ಳಗೆ ನಗುತ್ತಿತ್ತು. ನಾವೂ ನಕ್ಕೆವು. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಮತ್ತೆ ಕಂದು. ತೇವ ಆರಿಸದೆ ಹಾಗೇ ಬಿಟ್ಟಿದ್ದೆವು.

"ತೊಳೆದ ಬಾಣಲಿ ಒರೆಸದೆ ಇಟ್ರೆ ಏನಾಗತೈತೆ? ಅಷ್ಟೂ ಗೊತ್ತಿಲ್ಲೇನು?" ಎಂದು ಅತ್ತೆ ನನ್ನನ್ನೇ ಬೈದರು. ತೊಳೆದದ್ದು ಇಬ್ಬರೂ, ಒರೆಸಬೇಕಾದವಳು ನಾನೊಬ್ಬಳೇ. ಇರಲಿ, ಅದು ಎಲ್ಲ ಮನೆಗಳಲ್ಲೂ ಇರುವ ಕಾನೂನು.

ಮತ್ತೆ ಹುಣಸೆಹಣ್ಣು. ಈ ಸಲ ಬಟ್ಟೆ ಒಗೆಯುವ ಸೋಡಾ ಹಾಕಿದ ನೀರಿನಲ್ಲಿ ತೊಳೆದು, ಹಳೇ ಪಂಚೆಯಲ್ಲಿ ಒರೆಸಿ, ಸುಡುಬಿಸಿಲಿಗೆ ಇಟ್ಟೆವು. ಆ ವಾರ ಮನೆಯವರು ಊಟದ ತಟ್ಟೆ ಮುಂದೆ ಮುಖ ಗಂಟಿಕ್ಕಿದರು.

"ಏನಿದು, ಸಾರಿಗೆ ಹುಳಿನೇ ಇಲ್ಲ?"

"ಸಾರಿಗೆ ಹಾಕೋದನ್ನ ಕಾರಿಗೆ ಹಾಕೀವಿ, ಸುಮ್ನೆ ಉಣ್ಣು" ಎಂದರು ಅತ್ತೆ.

ಹಾಕೀವಿ ಎಂದರು, ಗಮನಿಸಿ. ಆ ಹೊತ್ತಿಗೆ ಅವರು ನನ್ನ ಪಾರ್ಟಿಗೆ ಸೇರಿಯಾಗಿತ್ತು. ನೆಗ್ಗುಗಳಿಗೆ ತುಂಬಲು ಸೀಮೆಸುಣ್ಣದ ಪುಡಿಗೆ ಅಗಸೆ ಎಣ್ಣೆ ಹಾಕಿ ಪುಟ್ಟಿ ಕಲಸಬೇಕು. ನಾನು ಕಲಸಿದ್ದು ಒಮ್ಮೆ ಗಂಜಿಯಾಯಿತು, ಒಮ್ಮೆ ಕಲ್ಲಾಯಿತು. ಅತ್ತೆ ನನ್ನನ್ನು ಪಕ್ಕಕ್ಕೆ ತಳ್ಳಿ, ರೊಟ್ಟಿ ಹಿಟ್ಟು ನಾದುವ ಹಾಗೆ ನಾದಿ, ಬಡಿದು, ಬಾಗಿಲಿನ ಗುಂಡಿಗಳನ್ನೆಲ್ಲ ಅಂಗೈಯಲ್ಲೇ ತಟ್ಟಿ ತುಂಬಿಬಿಟ್ಟರು. ನೀವು ಇವತ್ತು ಆ ಬಾಗಿಲನ್ನು ಸವರಿ ನೋಡಿದರೆ ನೆಗ್ಗು ಎಲ್ಲಿತ್ತು ಎಂದು ಹೇಳಲಾರಿರಿ.

ಆಮೇಲೆ ರೆಡ್ ಆಕ್ಸೈಡ್. ನಿಮ್ಮ ಮನೆಯ ಕಿಟಕಿ ಸರಳಿಗೆ ಮೊದಲು ಬಳಿದಿರುತ್ತಾರಲ್ಲ, ಆ ಕೆಮ್ಮಣ್ಣಿನ ಬಣ್ಣ. ಇಂಟರ್‌ಮೀಡಿಯಟ್‌ನಲ್ಲಿ ಸೈನ್ಸ್ ಓದಿದವಳಾದ್ದರಿಂದ ಒಂದು ಗುಟ್ಟು ಹೇಳುತ್ತೇನೆ. ಆ ಕೆಂಪು ಪುಡಿಯೂ ತುಕ್ಕಿನ ಒಡಹುಟ್ಟೇ. ಕಬ್ಬಿಣಕ್ಕೆ ತುಕ್ಕು ಹಿಡಿಯದಿರಲಿ ಎಂದು ನಾವು ಅದರ ಮೈಗೆ ತುಕ್ಕಿನ ಪುಡಿಯನ್ನೇ ಎಣ್ಣೆಯಲ್ಲಿ ಕಲಸಿ ಬಳಿಯುತ್ತೇವೆ. ಇದನ್ನು ಅತ್ತೆಗೆ ಹೇಳಿದೆ. ಕಾಲೇಜು ಕಲಿತವರ ತಲೆ ಹೀಗೇ ಇರುತ್ತದೆ ಎನ್ನುವಂತೆ ನೋಡಿದರು.

"ಒಂದು ಕೋಟ್ ಆಯ್ತು ಅತ್ತೆ. ಇನ್ನೊಂದು ಕೋಟ್ ಬೇಕು" ಎಂದು ಇನ್ನೊಂದು ದಿನ ಹೇಳಿದ್ದೇ ತಪ್ಪಾಯಿತು. ಎದ್ದು ಒಳಗೆ ಹೋಗಿ ಮಗನ ಕೋರ್ಟಿನ ಕರಿ ಕೋಟನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿ ಬಂದರು.

ಎರಡು ಕೋಟ್ ಒಣಗಿತು. ಬಾಗಿಲು, ಮಡ್‌ಗಾರ್ಡು, ಬಾನೆಟ್ಟು ಎಲ್ಲ ಮರಳಿ ಕೂತವು. ಎಂಜಿನ್ನನ್ನೂ ಟೈರುಗಳನ್ನೂ ಮೆಕ್ಯಾನಿಕ್ಕನ್ನು ಕರೆಸಿ ಸರಿಮಾಡಿಸಿದೆ. ಇನ್ನು ಮೇಲಿನ ಬಣ್ಣ. ನಾನು ಆಸೆಪಟ್ಟದ್ದು ಆಕಾಶನೀಲಿ. ಅಂಗಡಿಯವರು, "ಹುಬ್ಬಳ್ಳಿಯಿಂದ ಬರಬೇಕ್ರಮ್ಮ, ನಾಳೆ ಬರತೈತೆ" ಎಂದರು. ಮರುದಿನವೂ ಅದನ್ನೇ ಹೇಳಿದರು. ಯುಗಾದಿ ಬಂತು, ಹೋಯಿತು. ಬಣ್ಣ ಹುಬ್ಬಳ್ಳಿಯಲ್ಲೇ ಉಳಿಯಿತು. ಗುಜರಿಯವನು ಬರುವ ಸೋಮವಾರಕ್ಕೆ ಒಂದೇ ಭಾನುವಾರ ಅಡ್ಡವಿತ್ತು.

"ಬಣ್ಣ ಎಲ್ಲಿ?" ಎಂದರು ಮನೆಯವರು.

"ಇದೇನು ಬಣ್ಣ ಅಲ್ವಾ? ಯಾವ ಬಣ್ಣ ಅಂತ ಷರತ್ತಿನಲ್ಲಿ ಇತ್ತಾ?"

ವಕೀಲರು ಬಾಗಿಲನ್ನು ಬೆರಳಿನಿಂದ ಸವರಿ ನೋಡಿ, "ಪಾಯಿಂಟ್ ಇದೆ. ಹೋಗಿ ಬಾ. ತಳ್ಳೋದು ಮಾತ್ರ ನೆನಪಿರಲಿ" ಎಂದರು.

ಸೊಸೆ ಒಬ್ಬಳೇ ಹೋದರೆ ಚೆನ್ನಾಗಿರುವುದಿಲ್ಲ ಎಂದು ಅತ್ತೆ ಹೊರಟರು. (ಕಾರಿನಲ್ಲಿ ಕೂರುವ ಆಸೆ ಎಂದು ಹೇಳಿಕೊಳ್ಳುವವರಲ್ಲ.) ಗಾಳಿ ಧೂಳಿಗೆಂದು ಹಳೆಯ ಕೆಂಪು ಶಾಲನ್ನು ತಲೆಯಿಂದ ಕಾಲತನಕ ಹೊದ್ದು, ಎಲೆಅಡಿಕೆ ಸಂಚಿಯನ್ನು ಮಡಿಲಲ್ಲಿಟ್ಟುಕೊಂಡು ಹಿಂದಿನ ಸೀಟಿನ ನಡುವೆ ಆಸೀನರಾದರು. ಹ್ಯಾಂಡಲ್ ಹೊಡೆದೆ. ಎರಡನೇ ಸುತ್ತಿಗೇ ಎಂಜಿನ್ ಎದ್ದಿತು.

ಪಿ.ಬಿ. ರೋಡಿನ ಹೆದ್ದಾರಿಗೆ ಬಂದೆವು. ಮೊದಲು ಎದುರಾದ ಎತ್ತಿನ ಗಾಡಿಯವನು ಗಾಡಿಯನ್ನು ರಸ್ತೆಯಿಂದ ಕೆಳಗಿಳಿಸಿದ. ನಾನು ಬೆರಗಾದೆ. ಸೈಕಲ್ಲಿನವರು ಸೈಕಲ್ ಇಳಿದು ನಿಂತರು. ಬೀಡಿ ಸೇದುತ್ತಿದ್ದವನೊಬ್ಬ ಬೀಡಿಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ. ಲಾರಿಯವರು ಹಾರ್ನು ಹೊಡೆಯದೆ ದಾರಿ ಬಿಟ್ಟರು. ಹರಿಹರದಲ್ಲಂತೂ ಪೊಲೀಸಿನವರೊಬ್ಬರು ಎಲ್ಲರನ್ನೂ ತಡೆದು ನಿಲ್ಲಿಸಿ, ನಮ್ಮ ಕಾರು ದಾಟುವವರೆಗೆ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿ ನಿಂತಿದ್ದರು.

ಹೆಣ್ಣು ಕಾರು ಓಡಿಸಿದರೆ ಜನ ನಗುತ್ತಾರೆ, ಕಲ್ಲು ಬೀಸುತ್ತಾರೆ ಎಂದೆಲ್ಲ ಹೆದರಿಸಿದ್ದರಲ್ಲ? ನನಗೆ ಹೆಮ್ಮೆಯಾಯಿತು. ಕಾಲ ಬದಲಾಗಿದೆ ಎಂದುಕೊಂಡೆ. ನನ್ನ ಡ್ರೈವಿಂಗ್ ಅಷ್ಟು ಚೆನ್ನಾಗಿರಬೇಕು ಎಂದೂ ಅಂದುಕೊಂಡೆ.

"ನೋಡ್ದೇನು?" ಎಂದರು ಅತ್ತೆ ಹಿಂದಿನಿಂದ. "ನನ್ನ ಮಗ ದೊಡ್ಡ ವಕೀಲ ಅಂತ ಹರಿಹರದ ಮಂದಿಗೂ ಗೊತ್ತೈತೆ."

ಸಾರಥಿಯಲ್ಲಿ ಅಕ್ಕ ಬಾಗಿಲಿಗೆ ಬಂದಳು. ನನ್ನನ್ನು ನೋಡಿದಳು, ಕಾರಿನ ಆಚೆ ಈಚೆ ನೋಡಿದಳು.

"ಯಾರು ಕರ್ಕೊಂಡು ಬಂದ್ರೇ?"

"ಯಾರೂ ಇಲ್ಲ. ನಾನೇ ಬಂದೆ."

ಅವಳು ಬಾಗಿಲ ಕಂಬ ಹಿಡಿದುಕೊಂಡೇ ಅತ್ತಳು. ನನಗೂ ಅಳು ಬಂತು. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಸುಮ್ಮನೆ ಒಂದು ಭಾನುವಾರ ತಂಗಿ ಬಂದು ನಿಂತರೆ ಅಷ್ಟು ಸಂತೋಷವಾಗುತ್ತದೆ ಎಂದು ಇಬ್ಬರಿಗೂ ಅಂದೇ ಗೊತ್ತಾದದ್ದು. ಮಧ್ಯಾಹ್ನ ಊಟವಾದ ಮೇಲೆ ಅವಳು ನನ್ನ ತಲೆ ಬಾಚಿದಳು. ಇಬ್ಬರೂ ಹಳೆಯದನ್ನೆಲ್ಲ ಮಾತಾಡಿದೆವು. ಈ ಕಾರು ಗುಜರಿಗೆ ಹೋಗಬಾರದು ಎಂದು ನನಗೆ ನಿಜಕ್ಕೂ ಅನಿಸಿದ್ದು ಆಗ.

ಮರಳಿ ಬರುವಾಗ, ಹರಿಹರ ಇನ್ನೂ ಸ್ವಲ್ಪ ದೂರವಿದೆ ಎನ್ನುವಾಗ, ರಸ್ತೆ ಬದಿಯ ಒಂದು ಚಹಾದಂಗಡಿ ಎದುರಿಗೆ ಕಾರು ಎರಡು ಸಲ ಕೆಮ್ಮಿ ನಿಂತಿತು. ಮೇಲಿನ ತುಕ್ಕೆಲ್ಲ ಕೆರೆದಿದ್ದೆ. ಪೆಟ್ರೋಲ್ ಟ್ಯಾಂಕಿನ ಒಳಗೂ ತುಕ್ಕಿರುತ್ತದೆ ಎಂದು ಹೊಳೆದಿರಲಿಲ್ಲ. ಅದು ಉದುರಿ ಪೈಪು ಕಟ್ಟಿಕೊಂಡಿತ್ತು. ಹ್ಯಾಂಡಲ್ ಹೊಡೆದು ಹೊಡೆದು ಭುಜ ಬಿದ್ದುಹೋಯಿತು. ಸೋತು ಬಂದು ಸ್ಟೇರಿಂಗ್ ಮುಂದೆ ಕೂತೆ. ತಳ್ಳಿದರೆ ಎದ್ದೀತು. ಆದರೆ ತಳ್ಳುವ ಹಾಗಿಲ್ಲವಲ್ಲ?

ಆಗಲೇ ಆ ಯಜಮಾನರು ಅಂಗಡಿಯ ಬೆಂಚಿನಿಂದ ಎದ್ದು ಬಂದು ಅಡ್ಡಬಿದ್ದದ್ದು.

ಎದ್ದು ಮಣ್ಣು ಕೊಡವಿಕೊಂಡು, ಹಿಂದಿನ ಕಿಟಕಿಗೆ ಕೈಮುಗಿದು, "ಬುದ್ಧೀ, ಪಾದ ಬೆಳೆಸ್ಯಾರೆ, ನಮ್ಮೂರು ಪುಣ್ಯ ಮಾಡಿತ್ತು" ಎಂದರು.

ನಮ್ಮ ಕಡೆ ಮಠದ ಸ್ವಾಮಿಗಳನ್ನು ಬುದ್ಧಿ ಎಂದು ಕರೆಯುತ್ತಾರೆ. ನನಗೆ ಆಗ ತಲೆಗೆ ಹೊಳೆಯಿತು. ಕೆಮ್ಮಣ್ಣಿನ ಬಣ್ಣ ಎಂದು ನಾನು ಹೇಳುತ್ತಿದ್ದದ್ದು ಊರವರ ಕಣ್ಣಿಗೆ ಕಾವಿ. ಇಡೀ ಕಾರು ಕಾವಿ. ಒಳಗೆ ಕೆಂಪು ಶಾಲು ಹೊದ್ದ ಹಿರಿಯ ಜೀವ. ಬೆಳಗಿನಿಂದ ಸಿಕ್ಕ ಗೌರವ ನನ್ನ ಡ್ರೈವಿಂಗಿಗೂ ಅಲ್ಲ, ವಕೀಲರ ಹೆಸರಿಗೂ ಅಲ್ಲ. ಅಷ್ಟೂ ರೆಡ್ ಆಕ್ಸೈಡಿನದು.

"ಯಜಮಾನ್ರೇ, ಬುದ್ಧಿಯೋರು ಯಾರೂ ಇಲ್ರಿ. ಅವರ್ನ ನೋಡ್ರಿ, ನಮ್ಮ ಅತ್ತೆ" ಎಂದೆ.

ಯಜಮಾನರು ನಕ್ಕರು. "ಹಂಗೇ ಹೇಳು ಅಂತ ಅಪ್ಪಣೆ ಆಗಿರಬೇಕು. ಇರ್ಲಿ ಬಿಡ್ರಿ, ನಾವೇನು ಯಾರಿಗೂ ಹೇಳಾಕ ಹೋಗಲ್ಲ." ಹಾಗೆಂದವರೇ ಅಂಗಡಿಯ ಕಡೆ ತಿರುಗಿ ಕೂಗಿದರು. "ಏ ಬರ್ರೋ, ಬುದ್ಧಿಯೋರ ಕಾರು ನಿಂತೈತೆ."

ಅಂಗಡಿಯಲ್ಲಿದ್ದವರು ಬಂದರು. ಹೊಲದಲ್ಲಿದ್ದವರು ಬಂದರು. ಯಾರೋ ಎಳನೀರು ತಂದು ಅತ್ತೆಯ ಪಕ್ಕಕ್ಕಿಟ್ಟರು.

"ಅತ್ತೆ, ನೀವಾದ್ರೂ ಹೇಳ್ರಿ" ಎಂದು ಹಿಂದಕ್ಕೆ ತಿರುಗಿದೆ. ಅಕ್ಕನ ಮನೆಯ ಭಾರಿ ಊಟದ ಮೇಲೆ ಅತ್ತೆ ಆಗಷ್ಟೇ ಬಾಯಿ ತುಂಬ ಎಲೆಅಡಿಕೆ ಹಾಕಿಕೊಂಡಿದ್ದರು. ಉಗುಳಲು ಕಿಟಕಿಯ ಹೊರಗೆ ಜಾಗವಿರಲಿಲ್ಲ, ಅಲ್ಲೆಲ್ಲ ಕೈಮುಗಿದು ನಿಂತ ಜನ. "ಊಂ ಊಂ" ಎಂದರು.

"ಮೌನ ಐತೆ" ಎಂದು ಯಜಮಾನರು ಪಿಸುಗುಟ್ಟಿದರು. ಜನ ಇನ್ನಷ್ಟು ಬಾಗಿದರು.

ನಾಲ್ಕು ಜನ ಕಾರಿನ ಹಿಂದೆ ಹೋಗಿ ಕೈಯಿಟ್ಟದ್ದನ್ನು ಅತ್ತೆ ನೋಡಿದರು. ಷರತ್ತು ಅವರಿಗೂ ಗೊತ್ತು. ಗಾಬರಿಯಿಂದ ಶಾಲಿನೊಳಗಿಂದ ಬಲಗೈ ತೆಗೆದು, ಬ್ಯಾಡ, ತಳ್ಳಬ್ಯಾಡ್ರಿ ಎನ್ನುವಂತೆ ಅಂಗೈ ಎತ್ತಿ ತೋರಿಸಿದರು. ಇನ್ನೇನು ಬೇಕು? ಬುದ್ಧಿಯವರು ಆಶೀರ್ವಾದ ಮಾಡಿದರು. ನಾಲ್ಕು ಜನ ಇದ್ದವರು ಇಪ್ಪತ್ತು ಜನ ಆದರು. ಅತ್ತೆ ಎರಡೂ ಕೈ ಎತ್ತಿದರು. ಕಾರು ನೆಲಬಿಟ್ಟು ಹಾರುವುದೊಂದು ಬಾಕಿ. ಮುಂದೆ ಇಳಿಜಾರು ಸಿಕ್ಕಿ, ಪೈಪಿನಲ್ಲಿದ್ದದ್ದು ಸರಿದು, ಎಂಜಿನ್ ಎದ್ದಿತು. ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮತ್ತೆ ಏಳುತ್ತದೆಂಬ ನಂಬಿಕೆಯಿರಲಿಲ್ಲ.

ಹರಿಹರ ದಾಟಿದ ಮೇಲೆ ಅತ್ತೆ ಎಲೆಅಡಿಕೆ ಉಗುಳಿ, ಬುರುಡೆ ಖಾಲಿ ಮಾಡಿ, "ಎಳನೀರು ಚಲೋ ಇತ್ತು" ಎಂದರು.

ಮನೆಯವರು ಗೇಟಿನಲ್ಲೇ ನಿಂತಿದ್ದರು. "ಬಂದ್ಯಾ? ಯಾರೂ ತಳ್ಳಲಿಲ್ಲ ತಾನೇ?"

ಇಲ್ಲ ಎಂದುಬಿಟ್ಟರೆ ಕಾರು ಉಳಿಯುತ್ತಿತ್ತು. ಬಾಯಿಯವರೆಗೆ ಬಂತು ಕೂಡ. ಆದರೆ ಹರಿಹರ ಕೋರ್ಟಿನ ಕಕ್ಷಿಗಾರರು ಮಂಗಳವಾರ ಬಂದೇ ಬರುತ್ತಾರೆ, ಕಾವಿ ಕಾರಿನ ಕಥೆ ತಂದೇ ತರುತ್ತಾರೆ. "ತಳ್ಳಿದ್ರು" ಎಂದೆ. ಅಕ್ಕನ ಮುಖ ಕಣ್ಣ ಮುಂದೆ ಬಂತು.

"ಸರಿ ಹಾಗಾದ್ರೆ. ನಾಳೆ ಗುಜರಿಯವನು..."

"ಯಾರು ತಳ್ಳಿದ್ರು?" ಎಂದರು ಅತ್ತೆ, ಕಾರಿನಿಂದ ಇಳಿಯುತ್ತಾ. "ಯಾರೂ ತಳ್ಳಿಲ್ಲ."

"ಅವ್ವ, ಅವಳೇ ಒಪ್ಕೊಂಡಳಲ್ಲ? ಜನ ಕಾರಿಗೆ ಕೈ ಹಚ್ಚಿದ್ರೋ ಇಲ್ವೋ?"

"ಹಚ್ಚಿದ್ರು. ಬೈಕೊಂತ ಮಾಡಿದ್ರೆ ಅದು ತಳ್ಳೋದು. ಅವರು ಕೈಮುಗಿದು ಮಾಡಿದ್ರು. ಅದು ಸೇವೆ."

"ಎರಡೂ ಒಂದೇ ಅಲ್ವಾ ಅವ್ವ?"

"ಹೆಂಗೆ ಒಂದೇ ಆಗತೈತೆ? ದೇವರ ಪಲ್ಲಕ್ಕಿಗೆ ನೀನೂ ಹೆಗಲು ಕೊಟ್ಟೀಯಲ್ಲ, ಮೂಟೆ ಹೊತ್ತೆ ಅಂತ ಯಾರಾದ್ರೂ ಅಂದ್ರೇನು? ಹಮಾಲರ ಸಂಘಕ್ಕೆ ನಿನ್ನ ಸೇರಿಸಿಕೊಂಡ್ರೇನು?"

ವಕೀಲರು ಗೇಟಿನ ಎರಡೂ ಬಾಗಿಲು ತೆರೆದು ಕಾರಿಗೆ ದಾರಿ ಬಿಟ್ಟರು. ಮರುದಿನ ಗುಜರಿಯವನು ಬಂದಾಗ ಅತ್ತೆಯೇ ಗೇಟಿಗೆ ಹೋಗಿ, "ಇಲ್ಲಿ ಗುಜರಿ ಯಾವುದೂ ಇಲ್ಲಪ್ಪ" ಎಂದು ಕಳಿಸಿದರು.

ಕಾರು ಉಳಿಯಿತು. ಹುಬ್ಬಳ್ಳಿಯಿಂದ ನೀಲಿಯೂ ಬಂತು. ಬ್ರಷ್ಷಿನಲ್ಲಿ ಬಳಿದರೆ ಗೆರೆ ಗೆರೆ ಬೀಳುತ್ತಿತ್ತೆಂದು ಸೊಳ್ಳೆಗೆ ಔಷಧಿ ಹೊಡೆಯುವ ಕೈಪಂಪಿಗೆ ಬಣ್ಣ ತೆಳ್ಳಗೆ ಮಾಡಿ ಹಾಕಿ ಹೊಡೆದೆ. ಕಾರು ನೀಲಿಯಾಯಿತು. ಬೇವಿನ ಮರದ ಒಂದು ಮಗ್ಗುಲೂ ಪಕ್ಕದ ಮನೆಯ ಎರಡು ಬಿಳಿ ಕೋಳಿಗಳೂ ನೀಲಿಯಾದವು. ಟ್ಯಾಂಕನ್ನೂ ಬಿಚ್ಚಿ ತೊಳೆಸಿದೆ.

ಅತ್ತೆಗೆ ಮಾತ್ರ ನೀಲಿ ಇಷ್ಟವಾಗಲಿಲ್ಲ. "ಹಳೇದೇ ಚಲೋ ಇತ್ತು" ಎಂದು ಇವತ್ತಿಗೂ ಗೊಣಗುತ್ತಾರೆ. ಈಗ ಮಂಡಿ ನೋವು ಎಂದು ಹೇಳಿ ನನ್ನ ಜೊತೆ ಬರುವುದಿಲ್ಲ. ಯಾರೂ ಕೈಮುಗಿಯದ ಕಾರಿನಲ್ಲಿ ಕೂತು ಏನು ಸುಖ?

ಮೊನ್ನೆ ಭಾನುವಾರ ನಾನೊಬ್ಬಳೇ ಸಾರಥಿಗೆ ಹೋದೆ. ಯಾರನ್ನೂ ಕೇಳಲಿಲ್ಲ, ಹೇಳಿ ಹೋದೆ. ಎತ್ತಿನ ಗಾಡಿಯವನು ಈ ಸಲ ಗಾಡಿ ಇಳಿಸಲಿಲ್ಲ. ಸೈಕಲ್ಲಿನವರು ಸಾಲಾಗಿ ರಸ್ತೆಯ ನಡುವೆಯೇ ಹೋದರು. ಹರಿಹರದ ಪೊಲೀಸಿನವರು ನನ್ನನ್ನು ನಿಲ್ಲಿಸಿ ಲೈಸೆನ್ಸು ಕೇಳಿದರು. ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ನಿಮ್ದೇ ಏನ್ರಿ ಇದು?" ಎಂದರು.

ಬರುವಾಗ ಅದೇ ಚಹಾದಂಗಡಿಯ ಹತ್ತಿರ ರೇಡಿಯೇಟರು ಕುದಿಯಿತು. ನಿಲ್ಲಿಸಿದೆ. ಅದೇ ಬೆಂಚು, ಅದೇ ಜನ. ಯಜಮಾನರು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಗಂಡಸರು ಯಾರೂ ಇಲ್ಲೇನವ್ವ ಸಂಗಾಟ?"

"ಇಲ್ರಿ. ಒಂದು ಕೊಡ ನೀರು ಬೇಕಿತ್ತು."

"ಕಾಲುವೆ ಅಲ್ಲೈತೆ ನೋಡು" ಎಂದು ಗದ್ದದಲ್ಲೇ ತೋರಿಸಿದರು. "ಹೆಣ್ಮಕ್ಳಿಗೆ ಯಾಕ ಬೇಕು ಇದೆಲ್ಲ?"

"ಯಜಮಾನ್ರೇ, ಹೋದ ತಿಂಗಳು ನೀವು ಇದೇ ಕಾರಿಗೆ ಅಡ್ಡಬಿದ್ದಿದ್ರಿ."

ಅವರಿಗೆ ಸಿಟ್ಟೇ ಬಂತು. "ಅದು ಬುದ್ಧಿಯೋರ ಕಾರು. ಕಾವಿದು. ಅದಕ್ಕೂ ಇದಕ್ಕೂ ಎಲ್ಲಿಂದೆಲ್ಲಿಗೆ? ಹಂಗೆಲ್ಲ ಮಾತಾಡಬಾರದು."

ನಾನು ಡಬ್ಬಿ ಹಿಡಿದು ಕಾಲುವೆಗೆ ಹೋದೆ, ನೀರು ತಂದೆ, ಹುಯ್ದೆ. ಅಂಗಡಿಯವರೆಲ್ಲ ಚಹಾ ಕುಡಿಯುತ್ತಾ ನೋಡಿದರು. ಸಿಟ್ಟು ಬಂದಿತ್ತು, ನಗುವೂ ಬರುತ್ತಿತ್ತು. ಹ್ಯಾಂಡಲ್ ಹೊಡೆದೆ. ಮೊದಲ ಸುತ್ತಿಗೇ ಎದ್ದಿತು. ಯಾರೂ ತಳ್ಳಲಿಲ್ಲ, ಯಾರೂ ಸೇವೆಯನ್ನೂ ಮಾಡಲಿಲ್ಲ.

ಇನ್ನೇನು ಹೊರಡಬೇಕು, ಅಷ್ಟರಲ್ಲಿ ಯಜಮಾನರು ಕೆಮ್ಮಿದರು.

"ಹರಿಹರದ ಕಡೀಗೇನವ್ವ?"

"ಹೌದ್ರಿ."

"ಮಗಳ ಮನೀಗೆ ಹೋಗಬೇಕಿತ್ತು. ಬಸ್ಸು ತಪ್ಪಿತು ನೋಡು."

ಮಗಳ ಮನೆ ಎಂದ ಮೇಲೆ ಇಲ್ಲ ಎನ್ನಲಾದೀತೇ? ಅವಳೂ ಯಾವ ಬಾಗಿಲಲ್ಲಿ ನಿಂತು ದಾರಿ ನೋಡುತ್ತಿದ್ದಾಳೋ. "ಬರ್ರಿ, ಕೂಡ್ರಿ" ಎಂದು ಹಿಂದಿನ ಬಾಗಿಲು ತೆಗೆದೆ. ಅವರು ರಸ್ತೆಯ ಆ ಕಡೆ ನೋಡಿದರು, ಈ ಕಡೆ ನೋಡಿದರು, ಬಗ್ಗಿ ಒಳಗೆ ಸೇರಿಕೊಂಡರು.

ಸ್ವಲ್ಪ ದೂರ ಬಂದ ಮೇಲೆ ಕನ್ನಡಿಯಲ್ಲಿ ನೋಡಿದೆ. ಹೆಗಲ ಮೇಲಿನ ಟವೆಲ್ಲನ್ನು ತಲೆಯಿಂದ ಗದ್ದದವರೆಗೆ ಎಳೆದುಕೊಂಡಿದ್ದರು. ಮೀಸೆಯ ತುದಿ ಮಾತ್ರ ಕಾಣುತ್ತಿತ್ತು.

"ಯಾಕ್ರೀ ಯಜಮಾನ್ರೇ, ಧೂಳು ಬರತೈತೇನು?"

"ಧೂಳಲ್ಲವ್ವ" ಎಂದರು ಟವೆಲ್ಲಿನೊಳಗಿಂದ. "ಹೆಣ್ಮಗಳು ಓಡಿಸೋ ಕಾರಿನಾಗೆ ಕುಂತಿದ್ದು ಯಾರಾದ್ರೂ ಕಂಡ್ರೆ ಏನಂತಾರೆ?"

ಹರಿಹರ ಮುಟ್ಟುವವರೆಗೂ ಆ ಕಾರಿನಲ್ಲಿ ಒಬ್ಬರು ಮುಖಕ್ಕೆ ಮುಸುಕೆಳೆದುಕೊಂಡೇ ಕೂತಿದ್ದರು; ಹೆಂಗಸಂತೂ ಅಲ್ಲ.